ಎದುರುಬದುರು ಎರಡು ಕುರ್ಚಿ: ಮದುವೆಯನ್ನು ದೈವಕರೆಯಾಗಿ ಬದುಕುವುದು ಹೇಗೆ?

ನಮ್ಮ ಮದುವೆಯಾಗಿ 27 ವರ್ಷ ಆಯಿತು. ಅದರಲ್ಲಿ ಮೊದಲ 4 ವರ್ಷ ನಾವಿಬ್ಬರೂ ಒಂದು ದಿನವೂ ಕೂತು ಒಟ್ಟಿಗೆ ಪ್ರಾರ್ಥನೆ ಮಾಡಿರಲಿಲ್ಲ. ಭಾನುವಾರ ಚರ್ಚಿಗೆ ಹೋಗುತ್ತಿದ್ದೆವು, ಒಂದೇ ಬೆಂಚಲ್ಲಿ ಕೂರುತ್ತಿದ್ದೆವು, ವಾಪಸ್ ಬರುತ್ತಿದ್ದೆವು. ಮನೆಯೊಳಗೆ ಕಾಲಿಟ್ಟ ಮೇಲೆ ದೇವರು ಒಂದು ಕಡೆ, ನಮ್ಮ ಸಂಸಾರ ಒಂದು ಕಡೆ.

ಈಗ 11 ವರ್ಷದಿಂದ ಚರ್ಚಿನಲ್ಲಿ ನಡೆಯುವ ಮದುವೆ ತಯಾರಿ ಶಿಬಿರಗಳಲ್ಲಿ ನಾವಿಬ್ಬರೂ ಕೂತು ಹುಡುಗ ಹುಡುಗಿಯರ ಜೊತೆ ಮಾತಾಡುತ್ತೇವೆ. "ಮದುವೆ ಒಂದು ದೈವಕರೆ" ಅಂತ ಫಾದರ್ ಚೆನ್ನಾಗಿ ವಿವರಿಸಿ ಹೊರಡುತ್ತಾರೆ. ಅವರು ಆಚೆ ಹೋದ ಕೂಡಲೇ ಯಾರಾದರೂ ಒಬ್ಬರು ನನ್ನ ಕಡೆ ತಿರುಗುತ್ತಾರೆ. "ಸರಿ ಆಂಟಿ, ಹಾಗಂದ್ರೆ ಸೋಮವಾರ ಬೆಳಿಗ್ಗೆ ಏನು ಮಾಡ್ಬೇಕು?" ಈ ಬರಹ ಆ ಸೋಮವಾರದ ಬಗ್ಗೆ.

ಕರೆಯೋಲೆ ಬೇರೆ, ಕರೆ ಬೇರೆ

ಯಾಜಕರಾದವರಿಗೆ, ಕನ್ಯಾಸ್ತ್ರೀಯಾದವರಿಗೆ "ದೈವಕರೆ ಬಂತು" ಅನ್ನುತ್ತೇವೆ. ಮದುವೆಯಾದವರಿಗೆ? ನಮ್ಮ ಹೆಸರಲ್ಲಿ ಕರೆಯೋಲೆ ಅಚ್ಚಾಗುತ್ತೆ, ಅಷ್ಟೆ. ಕರೆ ಬಂತು ಅಂತ ಯಾರೂ ಹೇಳಲ್ಲ.

ಆದರೆ ಬೈಬಲಿನಲ್ಲಿ ಪ್ರೇಷಿತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೇ ಅಧ್ಯಾಯದಲ್ಲಿ, ಒಬ್ಬರಿಗೆ ಒಂದು ವರ, ಇನ್ನೊಬ್ಬರಿಗೆ ಇನ್ನೊಂದು ವರ, ಎರಡೂ ದೇವರು ಕೊಟ್ಟದ್ದೇ ಅನ್ನುತ್ತಾನೆ. ಆತ ಒಂಟಿಯಾಗಿದ್ದವನು, ಹಾಗೇ ಇರುವುದು ಒಳ್ಳೆಯದು ಅಂತ ಅದೇ ಅಧ್ಯಾಯದಲ್ಲಿ ಹೇಳುವವನು. ಆದರೂ ಮದುವೆಯನ್ನು ವರ ಅಂತಲೇ ಎಣಿಸಿದ. ಕಥೋಲಿಕ ಧರ್ಮಸಭೆಯ 7 ಸಂಸ್ಕಾರಗಳಲ್ಲಿ ಎರಡನ್ನು ಬೇರೆಯವರ ರಕ್ಷಣೆಗಾಗಿ ಇರುವ ಸಂಸ್ಕಾರ ಅಂತ ಒಟ್ಟಿಗೆ ಇಟ್ಟಿದ್ದಾರೆ: ಒಂದು ಯಾಜಕದೀಕ್ಷೆ, ಇನ್ನೊಂದು ಮದುವೆ. ಪ್ರೊಟೆಸ್ಟಂಟರಲ್ಲಿ ಮಾರ್ಟಿನ್ ಲೂಥರ್ ಅವರ ಮಾತು ನೋಡಿ. ಮಗುವಿನ ಬಟ್ಟೆ ಒಗೆಯುವ ಅಪ್ಪನನ್ನು ಜನ ನೋಡಿ ನಗಬಹುದು. ಅವನು ಅದನ್ನು ವಿಶ್ವಾಸದಿಂದ ಮಾಡಿದರೆ ದೇವರು ದೂತರ ಜೊತೆ ಸಂತೋಷದಿಂದ ನಗುತ್ತಾನೆ ಅಂತ 1522ರಲ್ಲಿ ಬರೆದರು. ಆಗ ಅವರಿಗಿನ್ನೂ ಮದುವೆಯಾಗಿರಲಿಲ್ಲ! ಕನ್ಯಾಮಠ ಬಿಟ್ಟು ಬಂದಿದ್ದ ಕ್ಯಾಥರಿನಾ ಫಾನ್ ಬೋರಾ ಅವರನ್ನು ಮದುವೆಯಾಗಿದ್ದು 1525ರಲ್ಲಿ. ಆಮೇಲೆ ಬಟ್ಟೆ ಒಗೆದರೋ ಇಲ್ಲವೋ ಅಂತ ಕ್ಯಾಥರಿನಾ ಅವರನ್ನೇ ಕೇಳಬೇಕಿತ್ತು.

ನನಗೆ ತುಂಬಾ ಹಿಡಿಸುವ ಕತೆ ಲೂಯಿ ಮಾರ್ತೆ ಮತ್ತು ಝೆಲಿ ಅವರದು. ಫ್ರಾನ್ಸಿನ ಅಲೆನ್ಸೋನ್ ಊರಿನವರು. ಆತ ಗಡಿಯಾರ ರಿಪೇರಿ ಮಾಡುತ್ತಿದ್ದರು, ಆಕೆ ಲೇಸ್ ಹೆಣೆಯುತ್ತಿದ್ದರು. ಆತ ಮಠ ಸೇರಲು ಹೋದರು; ಮೊದಲು ಲ್ಯಾಟಿನ್ ಕಲಿತು ಬಾ ಅಂತ ಕಳಿಸಿದರು. ಆಕೆ ಕನ್ಯಾಸ್ತ್ರೀಯಾಗಲು ಹೋದರು, ಬೇಡ ಅಂದರು. ಹೀಗೆ ಬಾಗಿಲಿಂದಲೇ ವಾಪಸ್ ಬಂದ ಇಬ್ಬರು 1858ರಲ್ಲಿ ಒಂದು ಮಧ್ಯರಾತ್ರಿ ಮದುವೆಯಾದರು. 9 ಮಕ್ಕಳು ಹುಟ್ಟಿ 4 ಮಕ್ಕಳು ಚಿಕ್ಕಂದಿನಲ್ಲೇ ತೀರಿಹೋದವು. ಉಳಿದವರಲ್ಲಿ ಕಿರಿಯವಳೇ ಸಂತ ತೆರೇಸಾ, ಲಿಸಿಯೂ ಊರಿನವರು. 2015ರಲ್ಲಿ ಈ ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೆ ಸಂತರೆಂದು ಸಾರಿದರು. ಮಗಳಿಂದಾಗಿ ಅಲ್ಲ, ಅವರ ಸಂಸಾರದಿಂದಾಗಿ.

ಹಾಗಾಗಿ ನಾನು ಹುಡುಗ ಹುಡುಗಿಯರಿಗೆ ಕರೆ ಅನ್ನುವ ಪದವನ್ನು ಒಂದು ಪ್ರಶ್ನೆಯಾಗಿ ಮಾಡಿಕೊಡುತ್ತೇನೆ: ನನ್ನ ಜೊತೆ ಇರುವ ಈ ಮನುಷ್ಯ ದೇವರ ಹತ್ತಿರ ಹೋಗಲು ಇವತ್ತು ನಾನು ನೆರವಾದೆನಾ, ಅಡ್ಡ ನಿಂತೆನಾ? ಸೋಮವಾರ ಬೆಳಿಗ್ಗೆ ಕೇಳಿಕೊಳ್ಳಬೇಕಾದ್ದು ಇದು. ಉತ್ತರ ಎಷ್ಟೋ ದಿನ ಚೆನ್ನಾಗಿರಲ್ಲ. ಪರವಾಗಿಲ್ಲ.

ಮದುವೆಗೆ ಮುಂಚೆ

ಆಕಾಶದಿಂದ ಗುರುತು ಬರಲಿ ಅಂತ ಕಾಯಬೇಡಿ. ಅದಕ್ಕಿಂತ ಮುಖ್ಯವಾಗಿ, "ನೀನೇ ನನ್ನ ಹೆಂಡತಿ ಅಂತ ದೇವರು ಹೇಳಿದ್ದಾನೆ" ಅಂತ ಯಾರಾದರೂ ಬಂದು ನಿಮ್ಮ ಮುಂದೆ ನಿಂತರೆ, "ನನಗೂ ಹೇಳಲಿ, ಅಲ್ಲಿವರೆಗೆ ಇರಿ" ಅನ್ನಿ. ತಮಾಷೆ ಅಲ್ಲ. ದೇವರ ಹೆಸರು ಹೇಳಿ ಒತ್ತಡ ಹಾಕುವವರು ಮದುವೆಯಾದ ಮೇಲೂ ಅದನ್ನೇ ಮಾಡುತ್ತಾರೆ.

ಕಥೋಲಿಕ ವಿಧಿಯಲ್ಲಿ ವಚನ ಕೊಡುವ ಮೊದಲು ಗುರುಗಳು 3 ವಿಷಯ ಕೇಳುತ್ತಾರೆ. ಯಾರ ಬಲವಂತವೂ ಇಲ್ಲದೆ ಮನಸಾರೆ ಬಂದಿದ್ದೀರಾ? ಬದುಕಿರುವವರೆಗೂ ಒಬ್ಬರನ್ನೊಬ್ಬರು ಪ್ರೀತಿಸಿ ಗೌರವಿಸುತ್ತೀರಾ? ದೇವರು ಕೊಡುವ ಮಕ್ಕಳನ್ನು ಪ್ರೀತಿಯಿಂದ ಸ್ವೀಕರಿಸಿ ವಿಶ್ವಾಸದಲ್ಲಿ ಬೆಳೆಸುತ್ತೀರಾ? ಆ ಹೊತ್ತಿಗೆ ಕ್ಯಾಮೆರಾ ಎದುರಿಗಿರುತ್ತೆ, ಗಂಟಲು ಒಣಗಿರುತ್ತೆ, ಎಲ್ಲಕ್ಕೂ ಹೌದು ಹೌದು ಅಂದುಬಿಡುತ್ತಾರೆ. ಆದ್ದರಿಂದ ಈ ಮೂರನ್ನೂ 2-3 ತಿಂಗಳ ಮುಂಚೆಯೇ ಒಬ್ಬೊಬ್ಬರೇ ಕೂತು ಕೇಳಿಕೊಳ್ಳಿ. ಮೊದಲನೆಯದನ್ನು ಜಾಸ್ತಿ ಹೊತ್ತು ಕೇಳಿಕೊಳ್ಳಿ. "ಬೇಡ" ಅನ್ನೋಕೆ ನಿಮಗೆ ಜಾಗವೇ ಇಲ್ಲದಿದ್ದರೆ ನಿಮ್ಮ "ಹೌದು" ಕೂಡ ಹೌದಲ್ಲ.

ಶಿಬಿರದಲ್ಲಿ ನಾವು ಒಂದು ಕೆಲಸ ಮಾಡಿಸುತ್ತೇವೆ. ಇಬ್ಬರಿಗೂ ಒಂದೊಂದು ಹಾಳೆ, ಒಂದೇ ಪ್ರಶ್ನೆಗಳು: ದುಡ್ಡು, ಅಪ್ಪ ಅಮ್ಮ, ಮಕ್ಕಳು, ಭಾನುವಾರ, ಕೋಪ ಬಂದಾಗ ನಾನು ಏನು ಮಾಡುತ್ತೇನೆ, ನನ್ನ ಪ್ರಾರ್ಥನೆ ಹೇಗಿದೆ. ಬೇರೆ ಬೇರೆ ಮೂಲೆಯಲ್ಲಿ ಕೂತು ಬರೆದು, ಆಮೇಲೆ ಹಾಳೆ ಅದಲುಬದಲು ಮಾಡಿ ಸುಮ್ನೆ ಓದಬೇಕು. ಒಂದು ಸಲ ಒಬ್ಬ ಹುಡುಗಿ ಕೊನೆಯ ಪ್ರಶ್ನೆಗೆ "ಅಮ್ಮ ಹೋದ ಮೇಲೆ ನಾನು ಪ್ರಾರ್ಥನೆ ಮಾಡಿಲ್ಲ" ಅಂತ ಒಂದೇ ಸಾಲು ಬರೆದಿದ್ದಳು. ಎರಡು ವರ್ಷ ಪರಿಚಯ ಇದ್ದ ಹುಡುಗ ಅದನ್ನು ಓದಿದ. ಏನೂ ಹೇಳಲಿಲ್ಲ. ತನ್ನ ಹಾಳೆ ವಾಪಸ್ ಇಸ್ಕೊಂಡು, ತಾನು ಬರೆದಿದ್ದ "ಚೆನ್ನಾಗಿದೆ" ಅನ್ನೋದನ್ನು ಗೀಚಿ ಹಾಕಿದ. ಅವರಿಬ್ಬರ ಮದುವೆಗೆ ನಾವು ಹೋಗಿದ್ದೆವು.

ಇಬ್ಬರೂ ಬೇರೆ ಬೇರೆ ಕ್ರೈಸ್ತ ಸಭೆಯವರಾದರೆ (ಒಬ್ಬರು ಕಥೋಲಿಕರು, ಇನ್ನೊಬ್ಬರು ಪ್ರೊಟೆಸ್ಟಂಟ್, ಹೀಗೆ) ಕಾಗದಪತ್ರದ ಕೆಲಸ ಬೇಗ ಶುರು ಮಾಡಿ. ನಾನು ಕಥೋಲಿಕಳು, ನಮ್ಮವರು ಪ್ರೊಟೆಸ್ಟಂಟ್ ಸಭೆಯಲ್ಲಿ ಬೆಳೆದವರು. ಅಂಥ ಮದುವೆಗೆ ಕಥೋಲಿಕರ ಕಡೆಯಿಂದ ಬಿಷಪರ ಅನುಮತಿ ಬೇಕು. ನಾವು ತಡ ಮಾಡಿ ಕೊನೆಯ ವಾರದಲ್ಲಿ ಓಡಾಡಿದೆವು. ತಪ್ಪು ನಮ್ಮದೇ.

ಮದುವೆ ಮಾಡಿಸುವವರು ಯಾರು?

ಫಾದರ್ ಅಂತೀರಿ. ಲ್ಯಾಟಿನ್ ವಿಧಿಯ, ಅಂದರೆ ರೋಮಿನ ಪದ್ಧತಿಯ ಕಥೋಲಿಕರಲ್ಲಿ ಫಾದರ್ ಸಾಕ್ಷಿ. ಆ ಸಂಸ್ಕಾರವನ್ನು ಒಬ್ಬರಿಗೊಬ್ಬರು ಕೊಡುವವರು ಗಂಡು ಹೆಣ್ಣು, ಅವರೇ. ಪೂರ್ವದ ಸಭೆಗಳಲ್ಲಿ ಹಾಗಲ್ಲ, ಅಲ್ಲಿ ಗುರುಗಳ ಆಶೀರ್ವಾದವೇ ಮುಖ್ಯ. ಆರ್ಥೊಡಾಕ್ಸ್ ಸಭೆಗಳಲ್ಲಿ ಇಬ್ಬರ ತಲೆಗೂ ಕಿರೀಟ ಇಡುತ್ತಾರೆ. ರಾಜ ರಾಣಿ ಅಂತ ಮಾತ್ರ ಅಲ್ಲ, ಅದು ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವರ ಕಿರೀಟವೂ ಹೌದು. ಮದುವೆಯಾದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಈ "ಅವರೇ ಕೊಡುವವರು" ಅನ್ನುವ ಮಾತು ಅರ್ಥವಾಗಿದ್ದು ಮದುವೆಯಾಗಿ 16 ವರ್ಷದ ಮೇಲೆ. ಭುಜದ ಆಪರೇಷನ್ ಆಗಿತ್ತು. ಬಲಗೈ ಎತ್ತುವ ಹಾಗಿಲ್ಲ, 6 ವಾರ. ತಲೆ ಬಾಚಿಕೊಳ್ಳೋದು ಹೇಗೆ? ನಮ್ಮವರು ಬಾಚಣಿಗೆ ಹಿಡಿದು ಹಿಂದೆ ನಿಂತರು. ಬುಡದಿಂದ ಎಳೆದರು, ಕಣ್ಣಲ್ಲಿ ನೀರು ಬಂತು. "ತುದಿಯಿಂದ ಬಿಡಿಸಿ, ಕೆಳಗಿನಿಂದ" ಅಂದೆ. ಮಾರನೇ ದಿನ ಎಡಗೈಯಲ್ಲಿ ಬುಡ ಗಟ್ಟಿಯಾಗಿ ಹಿಡಿದು, ತುದಿಯಿಂದ ಸ್ವಲ್ಪ ಸ್ವಲ್ಪ ಸಿಕ್ಕು ಬಿಡಿಸಿದರು. ಜಡೆ ಮಾತ್ರ ಹಗ್ಗ ಹೊಸೆದ ಹಾಗೆ ಬಂತು. ಎರಡನೇ ವಾರಕ್ಕೆ ಮೂರು ಕಾಲಿನ ಜಡೆ ಕಲಿತರು. ಅನಾರೋಗ್ಯದಲ್ಲೂ ಜೊತೆಗಿರುತ್ತೇನೆ ಅಂತ ಅವರು ಆವತ್ತು ಬಲಿಪೀಠದ ಮುಂದೆ ಹೇಳಿದ್ದು ನನಗೆ ಕೇಳಿಸಿದ್ದು ಈಗ, ಹಿಂದೆ ನಿಂತು ಉಸಿರು ಬಿಗಿಹಿಡಿದು ಜಡೆ ಹಾಕುತ್ತಿದ್ದಾಗ.

ಅದಕ್ಕೇ ಹೇಳುತ್ತೇನೆ, ಮದುವೆಗೆ ಒಂದು ವಾರ ಇದೆ ಅನ್ನುವಾಗ ಇಬ್ಬರೇ ಕೂತು ಆ ವಚನವನ್ನು ಜೋರಾಗಿ ಓದಿ. ಒಂದೊಂದು ಪದಕ್ಕೂ ನಿಲ್ಲಿ. ಬಡತನ ಅಂದಾಗ ಯಾವ ಚಿತ್ರ ಬರುತ್ತೆ, ಕಾಯಿಲೆ ಅಂದಾಗ ಯಾರ ಮುಖ ಬರುತ್ತೆ, ಹೇಳಿಕೊಳ್ಳಿ.

ಒಟ್ಟಿಗೆ ಪ್ರಾರ್ಥನೆ: 2 ನಿಮಿಷದಿಂದ ಶುರು

ಇದೇ ಎಲ್ಲಕ್ಕಿಂತ ಕಷ್ಟ. ಜನ ನಂಬಲ್ಲ, ಆದರೆ ಹೌದು. ನನಗೆ ಬಾಯಿಪಾಠದ ಪ್ರಾರ್ಥನೆ ಬಿಟ್ಟರೆ ಬರುತ್ತಿರಲಿಲ್ಲ. ನಮ್ಮವರು ಅವರ ಸಭೆಯಲ್ಲಿ ಎದ್ದು ನಿಂತರೆ ಸ್ವಂತ ಮಾತಲ್ಲಿ 10 ನಿಮಿಷ ನಿರರ್ಗಳವಾಗಿ ಪ್ರಾರ್ಥಿಸುವವರು. ಮನೆಯಲ್ಲಿ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಯಾಕೆ ಅಂತ ಒಂದು ದಿನ ಕೇಳಿದೆ. "ಅಲ್ಲಿ ಯಾರಿಗೂ ನಾನು ಗೊತ್ತಿಲ್ಲ. ನಿನಗೆ ಎಲ್ಲಾ ಗೊತ್ತಲ್ಲ, ನಾಚಿಕೆಯಾಗುತ್ತೆ" ಅಂದರು. ಅವರು ಅಷ್ಟು ನಿಜ ಹೇಳಿದ ಮೇಲೆ ನಾವು ಶುರು ಮಾಡಿದ್ದು.

ಹೀಗೆ ಮಾಡಿ. ಹೊತ್ತು ಗೊತ್ತು ಮಾಡಿ, ಆದರೆ ಮಲಗುವ ಹೊತ್ತು ಬೇಡ, ಒಬ್ಬರಾದರೂ ತೂಕಡಿಸುತ್ತಾರೆ. ಇಬ್ಬರೂ ಒಂದೊಂದು ವಿಷಯಕ್ಕೆ ದೇವರಿಗೆ ಥ್ಯಾಂಕ್ಸ್ ಹೇಳಿ, ಒಂದೊಂದು ವಿಷಯ ಕೇಳಿಕೊಳ್ಳಿ, ಪ್ರಭು ಕಲಿಸಿದ ಪ್ರಾರ್ಥನೆ ಹೇಳಿ, ಏಳಿ. ಅಷ್ಟೇ. ಒಂದು ತಿಂಗಳು ಇದಕ್ಕಿಂತ ಉದ್ದ ಮಾಡಬೇಡಿ. ಉದ್ದ ಮಾಡಿದ ಉತ್ಸಾಹಿಗಳೆಲ್ಲ ಎರಡನೇ ವಾರಕ್ಕೆ ಬಿಟ್ಟಿದ್ದನ್ನು ನೋಡಿದ್ದೇನೆ.

ಒಂದು ನಿಯಮ ಮಾತ್ರ ಕಟ್ಟುನಿಟ್ಟು: ಪ್ರಾರ್ಥನೆಯಲ್ಲಿ ಚುಚ್ಚಬಾರದು. "ಪ್ರಭುವೇ, ಇವರಿಗೆ ಸ್ವಲ್ಪ ತಾಳ್ಮೆ ಕೊಡು" ಅನ್ನೋದು ದೇವರಿಗೆ ಹೇಳಿದ್ದಲ್ಲ, ಪಕ್ಕದಲ್ಲಿ ಕೂತವರಿಗೆ ಹೇಳಿದ್ದು. ನಾನು ಮಾಡಿದ್ದೇನೆ, ಅದಕ್ಕೇ ಗೊತ್ತು. ಆವತ್ತು ನಮ್ಮವರು ಆಮೆನ್ ಅನ್ನದೆ ಎದ್ದು ಹೋದರು.

ಸ್ವಂತ ಮಾತು ಬರದಿದ್ದರೆ ಬೈಬಲಿನ ಕೀರ್ತನೆ ಓದಿ. ಕಥೋಲಿಕರ ಬೈಬಲಿನಲ್ಲಿ ತೋಬಿತನ ಪುಸ್ತಕ ಇದೆ. ಅದರ 8ನೇ ಅಧ್ಯಾಯದಲ್ಲಿ ಹೊಸ ಗಂಡ ಹೆಂಡತಿ ಮದುವೆಯ ರಾತ್ರಿ ಎದ್ದು ನಿಂತು ಒಟ್ಟಿಗೆ ಪ್ರಾರ್ಥಿಸುತ್ತಾರೆ. ಚಿಕ್ಕ ಪ್ರಾರ್ಥನೆ, ಕೊನೆಗೆ ಇಬ್ಬರೂ ಸೇರಿ ಆಮೆನ್ ಅನ್ನುತ್ತಾರೆ. ಆಚೆ ಹುಡುಗಿಯ ಅಪ್ಪ, ಅಳಿಯ ಬೆಳಗ್ಗೆವರೆಗೆ ಬದುಕಲ್ಲ ಅಂತ ಆಗಲೇ ಗುಂಡಿ ತೋಡಿಸುತ್ತಿರುತ್ತಾನೆ! ಬೈಬಲ್ ಸಪ್ಪೆ ಅನ್ನುವವರಿಗೆ ಇದನ್ನು ಓದಿಸಿ.

ಅಧೀನ ಅನ್ನುವ ಪದ

ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯ ಪ್ರತಿ ಮದುವೆಯಲ್ಲೂ ಓದುತ್ತಾರೆ ಅನ್ನೋಣ. "ಹೆಂಡತಿಯರೇ, ಗಂಡನಿಗೆ ಅಧೀನರಾಗಿರಿ" ಅನ್ನುವಾಗ ಗಂಡಸರ ಸಾಲಿನಲ್ಲಿ ಯಾರೋ ಒಬ್ಬರು ನಗುತ್ತಾರೆ. ನಗಲಿ. ನೀವು ಮಾತ್ರ 22ನೇ ವಚನದಿಂದ ಓದಲು ಶುರು ಮಾಡಬೇಡಿ, 21ರಿಂದ ಓದಿ. ಅಲ್ಲಿ ಕ್ರಿಸ್ತನ ಮೇಲಿನ ಭಯಭಕ್ತಿಯಿಂದ ಒಬ್ಬರಿಗೊಬ್ಬರು ಅಧೀನರಾಗಿರಿ ಅಂತ ಇದೆ. ಅತಿ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ 22ನೇ ವಚನಕ್ಕೆ ಸ್ವಂತ ಕ್ರಿಯಾಪದವೇ ಇಲ್ಲ, ಅದು 21ರಿಂದ ಸಾಲ ತಂದುಕೊಂಡಿದೆ. ಹೆಂಡತಿಯರಿಗೆ ಹೇಳಿದ್ದು 22ರಿಂದ 24, ಮೂರು ವಚನ. 25ರಿಂದ ಮುಂದೆ ಅಧ್ಯಾಯ ಮುಗಿಯುವವರೆಗೂ ಬಹುಪಾಲು ಗಂಡಂದಿರಿಗೆ: ಕ್ರಿಸ್ತ ಸಭೆಗಾಗಿ ತನ್ನ ಪ್ರಾಣ ಕೊಟ್ಟ ಹಾಗೆ ನೀನು ಅವಳನ್ನು ಪ್ರೀತಿಸು. ಕ್ರಿಸ್ತ ಶಿಷ್ಯರ ಕಾಲು ತೊಳೆದವನು, ಅಲ್ವಾ? ಯಜಮಾನಿಕೆ ಬೇಕು ಅನ್ನುವವರು ಬಟ್ಟಲಲ್ಲಿ ನೀರು ತುಂಬಿಕೊಂಡು ಬರಲಿ.

ಶಿಬಿರದಲ್ಲಿ ಈ ಭಾಗ ನಮ್ಮವರೇ ಹೇಳುತ್ತಾರೆ. ನಾನು ಹೇಳಿದರೆ ಹುಡುಗರು ತಲೆ ತಗ್ಗಿಸಿ ಮೊಬೈಲ್ ನೋಡುತ್ತಾರೆ.

ತಿಂಗಳಿಗೊಮ್ಮೆ ಎರಡು ಕುರ್ಚಿ

1930ರ ದಶಕದ ಕೊನೆಯಲ್ಲಿ ಪ್ಯಾರಿಸ್‌ನ ಕೆಲವು ಗಂಡ ಹೆಂಡತಿಯರು ಹೆನ್ರಿ ಕಫರೆಲ್ ಅನ್ನುವ ಗುರುಗಳ ಹತ್ತಿರ ಹೋಗಿ, ಮದುವೆಯಾದವರು ದೈವಭಕ್ತಿಯಲ್ಲಿ ಬೆಳೆಯೋದು ಹೇಗೆ ಅಂತ ಕೇಳಿದರು. "ನನಗೆ ಗೊತ್ತಿಲ್ಲ, ಒಟ್ಟಿಗೆ ಹುಡುಕೋಣ" ಅನ್ನುವ ಧಾಟಿಯಲ್ಲಿ ಅವರ ಕೆಲಸ ಶುರುವಾಯಿತು. ಅದೇ ಮುಂದೆ ನೋತ್ರ ದಾಮ್ ತಂಡಗಳು ಅಂತ ಹಲವು ದೇಶಗಳಿಗೆ ಹರಡಿತು. ಅಲ್ಲಿ ಒಂದು ಪದ್ಧತಿ ಇದೆ: ತಿಂಗಳಿಗೊಮ್ಮೆ ಗಂಡ ಹೆಂಡತಿ ದೇವರ ಎದುರಿಗೆ ಕೂತು ಮಾತಾಡುವುದು. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುವುದಿಲ್ಲವೇ ಅಂತ ಯೇಸು ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಕೇಳುತ್ತಾರಲ್ಲ, ಆ "ಕೂತು" ಅನ್ನುವ ಪದದ ಮೇಲೆ ನಿಂತ ಪದ್ಧತಿ.

ನಾವು ಮಾಡುವುದು ಹೀಗೆ. ಎರಡು ಕುರ್ಚಿ ಎದುರುಬದುರು. ಸೋಫಾ ಬೇಡ, ಅದರಲ್ಲಿ ಪಕ್ಕಪಕ್ಕ ಕೂತು ಗೋಡೆ ನೋಡುತ್ತಾ ಮಾತಾಡುತ್ತೇವೆ. ಫೋನ್ ಬೇರೆ ಕೋಣೆಯಲ್ಲಿ. ಮೊದಲು ಮೌನ, ಒಂದೈದು ನಿಮಿಷ. ಆಮೇಲೆ ಒಬ್ಬರು ಮಾತಾಡುತ್ತಾರೆ, ಇನ್ನೊಬ್ಬರು ನಡುವೆ ಬಾಯಿ ಹಾಕುವಂತಿಲ್ಲ. "ನೀನು ಯಾವಾಗಲೂ" ಅಂತ ಶುರು ಮಾಡುವಂತಿಲ್ಲ, "ನನಗೆ ಹೀಗನ್ನಿಸಿತು" ಅಂತ ಶುರು ಮಾಡಬೇಕು. ಎಲ್ಲವನ್ನೂ ಅಲ್ಲೇ ಬಗೆಹರಿಸಲು ಹೋಗಲ್ಲ. ಮುಂದಿನ ತಿಂಗಳಿಗೆ ಒಂದೇ ಒಂದು ವಿಷಯ ಗೊತ್ತು ಮಾಡಿ ಏಳುತ್ತೇವೆ.

ಮೊದಲ ಸಲ ಕೂತಾಗ ನನ್ನ ಪಟ್ಟಿಯಲ್ಲಿ 9 ದೂರು ಇದ್ದವು. ಸಣ್ಣ ಚೀಟಿಯಲ್ಲಿ ನಂಬರ್ ಹಾಕಿ ಬರೆದುಕೊಂಡಿದ್ದೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ನನಗೇ ಬೇಜಾರಾಯಿತು. ಅವರ ಸರದಿ ಬಂದಾಗ ಅವರು ಹೇಳಿದ್ದು ಒಂದೇ. "ನಮ್ಮ ಜಗಳ ನಿಮ್ಮಕ್ಕನಿಗೆ ನನಗಿಂತ ಮೊದಲು ಗೊತ್ತಾಗುತ್ತೆ." ಚೀಟಿ ಮಡಚಿದೆ. ಆ ತಿಂಗಳು ಗೊತ್ತು ಮಾಡಿದ ವಿಷಯ ಅದೇ.

ಜಗಳ, ಕ್ಷಮೆ

ಹೊತ್ತು ಮುಳುಗುವ ಮುಂಚೆ ಕೋಪ ಬಿಡಿ ಅಂತ ಎಫೆಸದವರಿಗೆ ಬರೆದ ಪತ್ರದಲ್ಲೇ ಇದೆ. ಇದನ್ನು ಅಕ್ಷರಶಃ ಹಿಡಿದು ಕೆಲವರು ರಾತ್ರಿ ಎರಡು ಗಂಟೆವರೆಗೆ ಜಗಳ ಬಿಡಿಸುತ್ತಾ ಕೂರುತ್ತಾರೆ. ನನ್ನ ಅನುಭವದಲ್ಲಿ ಸುಸ್ತಾದ ಬಾಯಿಂದ ಒಳ್ಳೆ ಮಾತು ಬರಲ್ಲ. "ನಾಳೆ ಬೆಳಿಗ್ಗೆ ಮಾತಾಡೋಣ, ನಾನು ಎಲ್ಲೂ ಹೋಗಲ್ಲ" ಅಂತ ಹೇಳಿ ಮಲಗಿ. ಕೋಪ ಪೂರ್ತಿ ಇಳಿಯದಿದ್ದರೂ ಬಾಗಿಲು ಮುಚ್ಚಿಲ್ಲ ಅಂತ ಇನ್ನೊಬ್ಬರಿಗೆ ಗೊತ್ತಾಗುತ್ತೆ.

ಪೋಪ್ ಫ್ರಾನ್ಸಿಸ್ ಸಂಸಾರಕ್ಕೆ 3 ಮಾತು ಬೇಕು ಅನ್ನುತ್ತಿದ್ದರು: ದಯವಿಟ್ಟು, ಥ್ಯಾಂಕ್ಸ್, ಕ್ಷಮಿಸು. ಮೂರನೆಯದನ್ನು ಹೇಳುವಾಗ "ಆದರೆ" ಸೇರಿಸಬೇಡಿ. "ಕ್ಷಮಿಸು, ಆದರೆ ನೀನೂ..." ಅಂದರೆ ಮುಂದಿನ ಜಗಳಕ್ಕೆ ಬೀಜ ಹಾಕಿದ ಹಾಗೆ. ಮಾಡಿದ ತಪ್ಪನ್ನು ಹೆಸರಿಟ್ಟು ಹೇಳಿ: "ನಿನ್ನ ತಮ್ಮನ ಮುಂದೆ ನಿನ್ನ ಸಂಬಳದ ಬಗ್ಗೆ ಆಡಿಕೊಂಡೆ, ಅದು ತಪ್ಪು." ಅಲ್ಲಿಗೆ ನಿಲ್ಲಿಸಿ.

ದೇಹದ ವಿಷಯ

ಇಲ್ಲಿ ಹುಡುಗ ಹುಡುಗಿಯರು ನೆಲ ನೋಡುತ್ತಾರೆ, ಹಾಗಾಗಿ ಚಿಕ್ಕದಾಗಿ. ದೇಹದ ಪ್ರೀತಿ ದೈವಕರೆಗೆ ಹೊರತಲ್ಲ, ಅದರೊಳಗೇ ಇದೆ. ಆದಿಕಾಂಡದ 2ನೇ ಅಧ್ಯಾಯ ಇಬ್ಬರೂ ಒಂದೇ ಶರೀರ ಅನ್ನುತ್ತೆ. ಮೊದಲು ಹೇಳಿದ ಲೂಯಿ, ಝೆಲಿ ಮದುವೆಯಾಗಿ 10 ತಿಂಗಳು ಅಣ್ಣ ತಂಗಿಯ ಹಾಗೆ ಇದ್ದರು, ಅದೇ ಹೆಚ್ಚು ಪವಿತ್ರ ಅಂದುಕೊಂಡು. ಹಾಗಲ್ಲ ಅಂತ ಬುದ್ಧಿ ಹೇಳಿದವರು ಅವರ ಪಾಪನಿವೇದನೆಯ ಗುರುಗಳೇ. ಪೌಲನೂ ಹೆಂಡತಿಯ ದೇಹದ ಮೇಲೆ ಗಂಡನಿಗೆ ಹಕ್ಕು ಅಂದವನು ಅದೇ ಉಸಿರಿನಲ್ಲಿ ಗಂಡನ ದೇಹದ ಮೇಲೆ ಹೆಂಡತಿಗೆ ಹಕ್ಕು ಅಂದ. ಪ್ರಾರ್ಥನೆಗಾಗಿ ಸ್ವಲ್ಪ ದಿನ ದೂರ ಇರಬೇಕಾದರೂ ಇಬ್ಬರೂ ಒಪ್ಪಿರಬೇಕು ಅಂದ. ಒಬ್ಬರ ಒಪ್ಪಿಗೆ ಇಲ್ಲದ್ದು ಯಾವುದೂ ಇದರಲ್ಲಿ ಸೇರಲ್ಲ.

ಎಲ್ಲಿ ನಿಲ್ಲಬೇಕು

"ಇದು ನಿನ್ನ ಶಿಲುಬೆ, ಹೊತ್ತುಕೋ" ಅಂತ ಏಟು ತಿಂದ ಹೆಣ್ಣುಮಗಳಿಗೆ ಹೇಳುವವರನ್ನು ನಾನು ನೋಡಿದ್ದೇನೆ. ಹಾಗೆ ಹೇಳಬೇಡಿ, ನಿಮಗೆ ಹೇಳಿದರೆ ಕೇಳಬೇಡಿ. ಹೊಡೆತ ದೈವಕರೆ ಅಲ್ಲ. ಸಂಗಾತಿಯಿಂದ ಪ್ರಾಣಕ್ಕೋ ಮನಸ್ಸಿಗೋ ಮಕ್ಕಳಿಗೋ ದೊಡ್ಡ ಅಪಾಯ ಇದ್ದರೆ ಬೇರೆ ಇರಬಹುದು ಅಂತ ಕಥೋಲಿಕ ಧರ್ಮಸಭೆಯ ಕಾನೂನೇ ಹೇಳುತ್ತೆ. ಮೊದಲು ಸುರಕ್ಷಿತವಾದ ಜಾಗಕ್ಕೆ ಹೋಗಿ. ಪ್ರಾರ್ಥನೆ ಅಲ್ಲಿ ಕೂತೂ ಮಾಡಬಹುದು.

ಒಣ ದಿನಗಳು ಬೇರೆ. ಜಗಳವಿಲ್ಲ, ಪ್ರೀತಿಯೂ ಕಾಣಲ್ಲ, ಒಂದೇ ಸೂರಿನ ಕೆಳಗೆ ಇಬ್ಬರು ಬಾಡಿಗೆದಾರರ ಹಾಗೆ. ನಮಗೂ ಅಂಥ ಒಂದೂವರೆ ವರ್ಷ ಇತ್ತು. ಆಗ ನಾವು ಏನೂ ದೊಡ್ಡದು ಮಾಡಲಿಲ್ಲ. 2 ನಿಮಿಷದ ಪ್ರಾರ್ಥನೆ ಬಿಡಲಿಲ್ಲ, ಕುರ್ಚಿಗಳನ್ನು ಎದುರುಬದುರು ಇಡೋದು ಬಿಡಲಿಲ್ಲ. ಎಷ್ಟೋ ತಿಂಗಳು ಆ ಕುರ್ಚಿಗಳಲ್ಲಿ ಕೂತು ಮಳೆ, ಮಕ್ಕಳ ಫೀಸು ಇಷ್ಟನ್ನೇ ಮಾತಾಡಿ ಎದ್ದಿದ್ದೇವೆ. ಒಂದು ತಿಂಗಳು ಮೌನದ ಐದು ನಿಮಿಷ ಮುಗಿದ ಮೇಲೂ ಇಬ್ಬರೂ ಬಾಯಿ ಬಿಡಲಿಲ್ಲ. ಆಮೇಲೆ ಅವರು ಸುಮ್ನೆ ನನ್ನ ಭುಜ ತೋರಿಸಿ, "ಈಗ ನೋಯಲ್ವಾ?" ಅಂದರು.